ಕಣ್ಣು ತೆರೆದರೂ ಏಳದ ಮೆದುಳು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹೊಗೆಸೊಪ್ಪು ಬೆಳೆಗಾರರಿಗೆ ಬ್ಯಾರನ್ ಮುಂದಿನ ರಾತ್ರಿಗಳು ಹೊಸವಲ್ಲ. ಸೊಪ್ಪು ಹದವಾಗುವವರೆಗೆ ಐದಾರು ದಿನ ಬೆಂಕಿ ಆರುವಂತಿಲ್ಲ, ಶಾಖ ಮಿತಿ ಮೀರುವಂತಿಲ್ಲ. ನಡುರಾತ್ರಿ ಜೊಂಪು ಹತ್ತಿ, ದಡಬಡಿಸಿ ಎದ್ದವನಿಗೆ ಥರ್ಮಾಮೀಟರಿನ ಅಂಕಿ ಕಾಣುತ್ತದೆ. ಸೌದೆ ಹಾಕಬೇಕೋ ಬೇಡವೋ ಎಂಬುದು ಮಾತ್ರ ತಕ್ಷಣ ಹೊಳೆಯುವುದಿಲ್ಲ.

ಇದು ಸೋಮಾರಿತನವಲ್ಲ, ನಿದ್ರಾಜಡತೆ. ಗಾಢನಿದ್ದೆಯಿಂದ ಎದ್ದಾಗ ಮೆದುಳಿನ ಎಲ್ಲ ಭಾಗಗಳೂ ಒಟ್ಟಿಗೆ ಏಳುವುದಿಲ್ಲ. ಯೋಚಿಸಿ ತೀರ್ಮಾನಿಸುವ, ಹಣೆಯ ಹಿಂದಿನ ಭಾಗ ತಡವಾಗಿ ಚುರುಕಾಗುತ್ತದೆ. ಮಂಪರು ತಿಳಿಯಾಗಲು ಸಾಮಾನ್ಯವಾಗಿ 15ರಿಂದ 30 ನಿಮಿಷ ಬೇಕು. ನಸುಕಿನ ವೇಳೆಯಲ್ಲಂತೂ ದೇಹದ ಗಡಿಯಾರವೇ ನಿದ್ದೆಯತ್ತ ಎಳೆಯುತ್ತಿರುತ್ತದೆ.

ಬ್ಯಾರನ್ನಿನಲ್ಲಾದರೆ ಸೊಪ್ಪು ಕೆಟ್ಟೀತು. ವಿಮಾನದಲ್ಲಾದರೆ? 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಜನರಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿ ಮುಖ್ಯ ಪೈಲಟ್ಟಿನ ಗೊರಕೆ ದಾಖಲಾಗಿತ್ತು. ಎದ್ದ ಮೇಲೆ ಅವರು ಇರಬೇಕಾದುದಕ್ಕಿಂತ ಹೆಚ್ಚು ಎತ್ತರದಿಂದ ವಿಮಾನವನ್ನು ಇಳಿಸತೊಡಗಿದರು. ಇಳಿಸದೆ ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದರೂ ಕಿವಿಗೊಡಲಿಲ್ಲ. ನಿದ್ರಾಜಡತೆಯಿಂದ ಅವರ ವಿವೇಚನೆ ಕುಂದಿರಬಹುದೆಂದು ತನಿಖಾ ವರದಿ ಹೇಳಿತು.

ಪೈಲಟ್ಟುಗಳಿಗೆ ಆಗಾಗ ವೈದ್ಯಕೀಯ ಪರೀಕ್ಷೆ ಉಂಟು. ಕಣ್ಣು, ಕಿವಿ, ಹೃದಯದ ದೋಷಗಳನ್ನು ಉಪಕರಣಗಳು ತೋರಿಸುತ್ತವೆ. ಆದರೆ ನಿದ್ದೆಗೆಟ್ಟಿದೆಯೇ, ಮನಸ್ಸು ಕುಗ್ಗಿದೆಯೇ ಎಂಬುದು ಅವರು ಬಾಯಿಬಿಟ್ಟರೆ ಮಾತ್ರ ತಿಳಿದೀತು. ಬಾಯಿಬಿಟ್ಟರೆ ಲೈಸೆನ್ಸ್ ಹೋದೀತೆಂಬ ಭಯ!

ಈ ಭಯದ ಬೆಲೆ 2015ರ ಮಾರ್ಚ್ 24ರಂದು ಜಗತ್ತಿಗೆ ತಿಳಿಯಿತು. ಕಾಯಿಲೆಯನ್ನು ಕಂಪನಿಯಿಂದ ಮುಚ್ಚಿಟ್ಟಿದ್ದ ಸಹಪೈಲಟ್ಟೇ ಜರ್ಮನ್‌ವಿಂಗ್ಸ್ ವಿಮಾನವನ್ನು ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿದ. 150 ಜೀವ ಹೋಯಿತು. ಖಿನ್ನತೆ ಬಂದವರೆಲ್ಲ ಹೀಗೆ ಮಾಡುತ್ತಾರೆಂದಲ್ಲ. ಖಿನ್ನತೆಗೆ ಚಿಕಿತ್ಸೆ ಇದೆ, ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ. ಅಪಾಯವಿರುವುದು ಮುಚ್ಚಿಡುವುದರಲ್ಲಿ.

ಹಾಗಾಗಿ ಪೈಲಟ್ಟುಗಳು ತಮ್ಮ ಸಂಕಟವನ್ನು ತರಬೇತಿ ಪಡೆದ ಸಹೋದ್ಯೋಗಿಯೊಡನೆ ಗುಟ್ಟಾಗಿ ಹೇಳಿಕೊಳ್ಳುವ ಏರ್ಪಾಡು ಈಗ ಹಲವು ದೇಶಗಳಲ್ಲಿದೆ. ಇಂಥ ಏರ್ಪಾಡು ಬೇಕೆಂದು ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ 2023ರಲ್ಲಿ ವಿಮಾನ ಸಂಸ್ಥೆಗಳಿಗೆ ತಿಳಿಸಿತು.

ಮನೆಗೂ ಈ ವಿಜ್ಞಾನ ಒಪ್ಪುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯಿಡೀ ಓದಿದ ಹುಡುಗಿಗೆ ಪ್ರಶ್ನೆಪತ್ರಿಕೆಯ ಅಕ್ಷರ ಕಾಣುತ್ತದೆ, ಉತ್ತರ ಹೊಳೆಯುವುದಿಲ್ಲ. ವಿದ್ಯಾರ್ಥಿಗಳೇ, ನಿದ್ದೆಯೂ ಓದಿನ ಒಂದು ಭಾಗವೆಂದು ತಿಳಿಯಿರಿ. ತಂದೆತಾಯಂದಿರೇ, ಮಗು "ನಿದ್ದೆ ಬರ್ತಿಲ್ಲ, ಓದಿದ್ದು ತಲೆಗೆ ಹತ್ತುತ್ತಿಲ್ಲ" ಎಂದರೆ ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಇಂದು ಗದರಿದರೆ ನಾಳೆ ಅದು ಹೇಳುವುದಿಲ್ಲ. ಕಷ್ಟ ಮುಂದುವರಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.