'ಸಾಫ್ಟ್‌ವೇರುಗಳು' ಅಂದ್ರೆ ತಪ್ಪಾ?

ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೀಟಿಂಗಿನಲ್ಲಿ 'ಟೂ ಸಾಫ್ಟ್‌ವೇರ್ಸ್' ಅಂದುಬಿಟ್ಟೆ. ಎಲ್ಲರೂ ನಕ್ಕರು. ಆಮೇಲೆ ಆರು ತಿಂಗಳು ಮೀಟಿಂಗಲ್ಲಿ ಬಾಯೇ ಬಿಡಲಿಲ್ಲ. ಸರಿ, ಇಂಗ್ಲಿಷಿನಲ್ಲಿ ಅದು ತಪ್ಪೇ. ಆ ಪದವನ್ನು ಎಣಿಸೋ ಹಾಗಿಲ್ಲ, 'ಟೂ ಪೀಸಸ್ ಆಫ್ ಸಾಫ್ಟ್‌ವೇರ್' ಅನ್ನಬೇಕು. ಕಲಿತೆ.

ಆದರೆ ಮೊನ್ನೆ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಹತ್ರ ಒಬ್ಬ ಅಜ್ಜ "ನಿಮ್ ಕಂಪ್ನೀಲಿ ಎಷ್ಟ್ ಜನ ಸಾಫ್ಟ್‌ವೇರುಗಳು ಇದೀರಪ್ಪಾ?" ಅಂತ ಕೇಳಿದ್ರು. ಜೊತೆಗಿದ್ದ ಗೆಳೆಯ ಕಿಸಕ್ಕಂದ. ನಂಗೆ ಸಿಟ್ಟು ಬಂತು. ಅಜ್ಜ ಆಡಿದ್ದು ಕನ್ನಡ ಕಣ್ರೀ! ಬಸ್ಸು, ಬಸ್ಸಿಗೆ, ಬಸ್ಸುಗಳು ಅಂತೀವಲ್ಲ, ಹಾಗೇ ಇದೂ. ನಮ್ಮನೆಗೆ ಬಂದ ಪದಕ್ಕೆ ನಮ್ಮ ವ್ಯಾಕರಣ.

ಇದೇನು ಹೊಸದಲ್ಲ. ಆ ಗುಡಿ ಎದ್ದದ್ದು 1113ರ ಸುಮಾರಿಗೆ. ಅದೇ ಹೊಯ್ಸಳರ ಕಾಲದಲ್ಲಿ, 1260ರ ಸುಮಾರಿಗೆ, ಸಂಸ್ಕೃತದ ಪದಗಳು ಕನ್ನಡಕ್ಕೆ ಬಂದಾಗ ಹೇಗೆ ರೂಪ ಬದಲಿಸುತ್ತವೆ ಅಂತ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಬರೆದಿಟ್ಟ.

ನಿಜವಾದ ತಪ್ಪು 'ಫ್ರೆಂಡ್ಸ್‌ಗಳು', 'ಫೋಟೋಸ್‌ಗಳು'. ಇಂಗ್ಲಿಷಿನ ಬಹುವಚನದ ಮೇಲೆ ಕನ್ನಡದ್ದು ಇನ್ನೊಂದು! ಹಾಗೆ ಬರೆಯೋದು ಅಜ್ಜ ಅಲ್ಲ, ಬ್ಲಾಗಿಸುವ ನಾವೇ. ನಗೋದಾದ್ರೆ ಮೊದಲು ನಮ್ಮನ್ನ ನೋಡಿ ನಗೋಣ.

ನೀವೇನಂತೀರಿ?