ಸ್ಲೀವಾ, ಬೈಪಾಸಾ? ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು



ತೂಕ ಇಳಿಸುವ ಆಪರೇಷನ್ ಈಗ ನಮ್ಮ ಬೆಟ್ಟಕ್ಕೂ ಹೊಸ ಮಾತಲ್ಲ. ಕೊಯಮತ್ತೂರು, ಮೈಸೂರು, ಬೆಂಗಳೂರಿನ ಆಸ್ಪತ್ರೆಗಳ ಜಾಹೀರಾತು ಊಟಿಯಲ್ಲಿರುವವರ ಮೊಬೈಲಿಗೂ ಬರುತ್ತದೆ, ಮಸಿನಗುಡಿಯಲ್ಲಿರುವವರ ಮೊಬೈಲಿಗೂ ಬರುತ್ತದೆ. 'ಮೊದಲು' 'ನಂತರ' ಎಂದು ಎರಡು ಫೋಟೋ, ಕೆಳಗೆ ಒಂದು ಫೋನ್ ನಂಬರು, ಕಂತಿನಲ್ಲಿ ಕಟ್ಟಬಹುದು ಎಂಬ ಒಂದು ಸಾಲು. ನೋಡಿದವರು ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: "ಸ್ಲೀವ್ ಒಳ್ಳೇದಾ, ಬೈಪಾಸ್ ಒಳ್ಳೇದಾ? ಯಾವುದರಲ್ಲಿ ಜಾಸ್ತಿ ಇಳಿಯುತ್ತೆ?"

ಈ ಪ್ರಶ್ನೆಯಿಂದ ಶುರು ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಕಿಲೋ ಲೆಕ್ಕದಲ್ಲಿ ಈ ಎರಡರ ನಡುವೆ ನಾವು ಅಂದುಕೊಂಡಷ್ಟು ಅಂತರವಿಲ್ಲ. ಅಂತರ ಇರುವುದು ಬೇರೆ ಕಡೆ: ನಿಮಗೆ ಈಗಾಗಲೇ ಯಾವ ಕಾಯಿಲೆ ಇದೆ, ಮುಂದಿನ ಹತ್ತು ವರ್ಷ ನೀವು ಎಲ್ಲಿ, ಹೇಗೆ ಬದುಕುತ್ತೀರಿ, ತೊಂದರೆ ಬಂದ ರಾತ್ರಿ ನಿಮ್ಮನ್ನು ಯಾರು ನೋಡುತ್ತಾರೆ. ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಸ್ಲೀವೋ ಬೈಪಾಸೋ ಎಂಬುದು ಅರ್ಧ ತಾನಾಗಿಯೇ ತೀರ್ಮಾನವಾಗುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡ ಸುದ್ದಿ ನಿಮಗೆ ನೆನಪಿರಬಹುದು. ಆಕೆಗೆ ಆಗ 21 ವರ್ಷ. ಆಕೆ ಮಾಡಿಸಿಕೊಂಡದ್ದು ಕೊಬ್ಬು ತೆಗೆಯುವ ಚಿಕಿತ್ಸೆ. ಅಂಥ ಚಿಕಿತ್ಸೆಗೂ ಇಲ್ಲಿ ಹೇಳುತ್ತಿರುವ ಆಪರೇಷನ್‌ಗೂ ಸಂಬಂಧವಿಲ್ಲ. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ ದೇಹದ ಆಕಾರವನ್ನು ಬದಲಿಸುವ ಚಿಕಿತ್ಸೆ. ಅದರಿಂದ ಸಕ್ಕರೆ ಕಾಯಿಲೆ ವಾಸಿಯಾಗುವುದಿಲ್ಲ, ಹಸಿವು ಕಡಿಮೆಯಾಗುವುದಿಲ್ಲ. ಬೇರಿಯಾಟ್ರಿಕ್ ಸರ್ಜರಿ ಎಂದರೆ ಹೊಟ್ಟೆ ಮತ್ತು ಕರುಳಿನ ಆಪರೇಷನ್. ಎರಡನ್ನೂ ಒಂದೇ ಎಂದುಕೊಂಡು ಹೋದರೆ ಬೇಕಾದದ್ದು ಸಿಗದು, ಬೇಡವಾದ ಅಪಾಯ ಮೈಮೇಲೆ ಬರುತ್ತದೆ.

ಇನ್ನು ಆಪರೇಷನ್‌ಗಳ ವಿಷಯ. ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಕಾಯಿ ಆಕಾರದ ಒಂದು ಕೊಳವೆ. ಕರುಳನ್ನು ಮುಟ್ಟುವುದಿಲ್ಲ. ಹಸಿವು ಹುಟ್ಟಿಸುವ ಹಾರ್ಮೋನು ಹೆಚ್ಚಾಗಿ ತಯಾರಾಗುವ ಭಾಗವೂ ಹೋಗುವುದರಿಂದ ಹಸಿವೆಯೇ ತಗ್ಗುತ್ತದೆ. ಆದರೆ ತೆಗೆದದ್ದನ್ನು ಮತ್ತೆ ಜೋಡಿಸಲು ಆಗದು. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಹಿಡಿಯುವ ಸಣ್ಣ ಚೀಲ ಮಾಡಿ, ಕರುಳನ್ನು ಕತ್ತರಿಸಿ ಮೇಲೆತ್ತಿ ಅದಕ್ಕೆ ಹೊಲಿಯುತ್ತಾರೆ. ತಿಂದದ್ದು ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಬಿಟ್ಟು ಮುಂದಕ್ಕೆ ಹೋಗುತ್ತದೆ. ಇದರಲ್ಲೇ ಎರಡರ ಬದಲು ಒಂದೇ ಜೋಡಣೆ ಇರುವುದನ್ನು ಮಿನಿ ಬೈಪಾಸ್ ಎನ್ನುತ್ತಾರೆ. ಅದು ಬೇಗ ಮುಗಿಯುತ್ತದೆ, ಆದರೆ ಕೆಲವರಿಗೆ ಪಿತ್ತರಸ ಮೇಲಕ್ಕೆ ಬರುವ ತೊಂದರೆ ಉಳಿಯುತ್ತದೆ. 'ಮಿನಿ' ಎಂಬ ಹೆಸರು ಕೇಳಿ ಚಿಕ್ಕ ಆಪರೇಷನ್ ಎಂದುಕೊಳ್ಳಬೇಡಿ. ಜಠರಕ್ಕೆ ಪಟ್ಟಿ ಕಟ್ಟುವ ಬ್ಯಾಂಡ್ ಈಗ ಬಹುಮಟ್ಟಿಗೆ ಬಿಟ್ಟುಹೋಗಿದೆ. ಬಲೂನ್ ಆಪರೇಷನ್ನೇ ಅಲ್ಲ. ಸಾಮಾನ್ಯವಾಗಿ ಆರು ತಿಂಗಳಿಗೆ ಅದನ್ನು ಹೊರತೆಗೆಯುತ್ತಾರೆ, ಆಮೇಲೆ ತೂಕ ಮರಳುವುದು ಸಾಮಾನ್ಯ.

ಸ್ಲೀವ್ ಮತ್ತು ಬೈಪಾಸ್ ಎರಡನ್ನೂ ನೇರವಾಗಿ ಹೋಲಿಸಿದ ಎರಡು ಅಧ್ಯಯನಗಳ ಐದು ವರ್ಷದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಸ್ವಿಟ್ಜರ್ಲೆಂಡಿನ ಅಧ್ಯಯನದಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚಿದ್ದ ತೂಕದಲ್ಲಿ ಬೈಪಾಸ್‌ನವರು ಸರಾಸರಿ ಶೇ. 68 ಕಳೆದುಕೊಂಡಿದ್ದರು, ಸ್ಲೀವ್‌ನವರು ಶೇ. 61. ಫಿನ್ಲೆಂಡಿನ ಅಧ್ಯಯನದಲ್ಲಿ ಶೇ. 57 ಮತ್ತು ಶೇ. 49. ಬೈಪಾಸ್ ಸ್ವಲ್ಪ ಮುಂದೆ, ಅಷ್ಟೇ. ಆದರೆ ಅದೇ ಸ್ವಿಸ್ ಅಧ್ಯಯನದಲ್ಲಿ ಎದೆಯುರಿ, ಹುಳಿತೇಗು ಜಾಸ್ತಿಯಾದವರು ಸ್ಲೀವ್‌ನಲ್ಲಿ ಶೇ. 31.8, ಬೈಪಾಸ್‌ನಲ್ಲಿ ಶೇ. 6.3. ಫಿನ್ಲೆಂಡಿನವರು ಹತ್ತು ವರ್ಷದ ನಂತರ ಎಂಡೋಸ್ಕೋಪಿ ಮಾಡಿ ನೋಡಿದಾಗ ಅನ್ನನಾಳದಲ್ಲಿ ಉರಿಯೂತ ಇದ್ದವರು ಸ್ಲೀವ್‌ನಲ್ಲಿ ಶೇ. 31, ಬೈಪಾಸ್‌ನಲ್ಲಿ ಶೇ. 7. ದೊಡ್ಡ ಅಂತರ ಎಂದರೆ ಇದು. ಈಗಾಗಲೇ ರಾತ್ರಿ ಎದೆಯುರಿಯಿಂದ ಎದ್ದು ಕೂರುವವರು, ದಿನಾ ಗ್ಯಾಸ್ ಮಾತ್ರೆ ನುಂಗುವವರು, "ಸ್ಲೀವ್ ಸುಲಭ, ಬೇಗ ಆಗುತ್ತೆ" ಎಂಬ ಒಂದೇ ಮಾತಿಗೆ ಒಪ್ಪಿಕೊಳ್ಳಬಾರದು. ಆಪರೇಷನ್‌ಗೆ ಮೊದಲು ಎಂಡೋಸ್ಕೋಪಿ ಮಾಡಿಸಿ ಎಂದು ಕೇಳಿ.

ಸಕ್ಕರೆ ಕಾಯಿಲೆಯ ಲೆಕ್ಕ ಬೇರೆ. ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನವರು 150 ಮಧುಮೇಹಿಗಳ ಮೇಲೆ ನಡೆಸಿದ ಅಧ್ಯಯನದ ಐದು ವರ್ಷದ ಫಲಿತಾಂಶ 2017ರಲ್ಲಿ ಬಂತು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6 ಅಥವಾ ಅದಕ್ಕಿಂತ ಕೆಳಗೆ ಬಂದವರು ಬೈಪಾಸ್‌ನಲ್ಲಿ ಶೇ. 29, ಸ್ಲೀವ್‌ನಲ್ಲಿ ಶೇ. 23, ಔಷಧಿಯಲ್ಲಿ ಮಾತ್ರ ಇದ್ದವರಲ್ಲಿ ಶೇ. 5. ಅಂದರೆ ಆಪರೇಷನ್‌ನಿಂದ ಸಕ್ಕರೆ ಕಾಯಿಲೆಗೆ ನಿಜವಾದ ಉಪಕಾರವಿದೆ. 'ಸಕ್ಕರೆ ಕಾಯಿಲೆ ಶಾಶ್ವತ ಮಾಯ' ಎಂಬ ಜಾಹೀರಾತಿನ ಮಾತು ಮಾತ್ರ ಬಹುಪಾಲು ಜನರಿಗೆ ಅನ್ವಯಿಸುವುದಿಲ್ಲ.

ಈಗ ನಮ್ಮ ಬೆಟ್ಟದ ಬದುಕಿಗೆ ಬರೋಣ. ಯಾವ ಜಾಹೀರಾತೂ ಇದನ್ನು ಹೇಳುವುದಿಲ್ಲ.

ತೋಟದಲ್ಲಿ ದುಡಿಯುವವರಿಗೆ ಸೊಂಟ, ಮೊಣಕಾಲು ನೋವು ದಿನದ ಮಾತು. ಸಂಜೆ ಮೆಡಿಕಲ್ ಶಾಪಿಗೆ ಹೋಗಿ ಒಂದು ನೋವಿನ ಮಾತ್ರೆ ತರುವುದು ಅಭ್ಯಾಸ. ಬೈಪಾಸ್ ಆದವರು ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಮಾತ್ರೆ ನುಂಗಿದರೆ ಹೊಲಿಗೆ ಹಾಕಿದ ಜಾಗದಲ್ಲಿ ಹುಣ್ಣಾಗುತ್ತದೆ, ರಕ್ತಸ್ರಾವವೂ ಆಗಬಹುದು. ಬೀಡಿ, ಸಿಗರೇಟು ಸೇದುವವರಿಗೂ ಅದೇ ಅಪಾಯ. ಇವೆರಡನ್ನೂ ಬಿಡಲು ಆಗದು ಎನ್ನುವವರು ಆ ಮಾತನ್ನು ಡಾಕ್ಟರ ಮುಂದೆ ಮುಚ್ಚಿಡದೆ ಹೇಳಬೇಕು.

ನಮ್ಮ ಟೀ ಕೂಡ ಲೆಕ್ಕಕ್ಕೆ ಬರುತ್ತದೆ. ಬೈಪಾಸ್ ಆದ ಮೇಲೆ ಕಬ್ಬಿಣ, ಕ್ಯಾಲ್ಸಿಯಂ, ಬಿ12, ವಿಟಮಿನ್ ಡಿ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಜೀವನಪೂರ್ತಿ ಮಾತ್ರೆ ಬೇಕು, ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಬೇಕು. ಸ್ಲೀವ್ ಆದವರಿಗೂ ಮಾತ್ರೆ ತಪ್ಪದು, ಕೊರತೆ ಸ್ವಲ್ಪ ಕಡಿಮೆ ಅಷ್ಟೇ. ಕಬ್ಬಿಣದ ಮಾತ್ರೆಯ ಜೊತೆ ಟೀ ಕುಡಿದರೆ ಕಬ್ಬಿಣ ಹೀರಿಕೊಳ್ಳುವುದು ಇನ್ನೂ ಕಡಿಮೆಯಾಗುತ್ತದೆ. ದಿನಕ್ಕೆ ಐದಾರು ಸಲ ಸಿಹಿ ಟೀ, ಜೊತೆಗೆ ಊಟಿ ವರ್ಕಿ ಎಂಬ ನಮ್ಮ ರೂಢಿ ಇನ್ನೊಂದು ರೀತಿಯಲ್ಲೂ ಕೈಕೊಡುತ್ತದೆ. ಬೈಪಾಸ್ ಆದವರಿಗೆ ಸಿಹಿ ಏಕಾಏಕಿ ಕರುಳಿಗೆ ಇಳಿದರೆ ಬೆವರು, ತಲೆಸುತ್ತು, ಎದೆಬಡಿತ ಬರಬಹುದು. ಸ್ಲೀವ್ ಆದವರಿಗೆ ಟೀ ಸಲೀಸಾಗಿ ಇಳಿಯುತ್ತದೆ, ಅದರ ಜೊತೆ ತೂಕವೂ ಸಲೀಸಾಗಿ ಮರಳುತ್ತದೆ. ಇನ್ನು ಮದ್ಯ. ಈ ಆಪರೇಷನ್‌ಗಳ ನಂತರ ಅದು ಬೇಗ ತಲೆಗೇರುತ್ತದೆ. ಬೈಪಾಸ್ ಆದವರಲ್ಲಿ ಕೆಲವರು ವರ್ಷ ಕಳೆದಂತೆ ಕುಡಿತದ ಚಟಕ್ಕೆ ಬೀಳುವುದೂ ಅಧ್ಯಯನಗಳಲ್ಲಿ ಕಂಡುಬಂದಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ದೂರ. ಆಪರೇಷನ್ ಆದ ಮೊದಲ ವಾರಗಳಲ್ಲಿ ಹೊಲಿಗೆ ಸೋರಿದರೆ ಜ್ವರ, ಜೋರಾದ ಎದೆಬಡಿತ, ಹೊಟ್ಟೆನೋವು ಬರುತ್ತದೆ. ಅದು ಗಂಟೆಗಳ ಲೆಕ್ಕದ ಕೆಲಸ. ಗೂಡಲೂರಿನಿಂದ ಮೈಸೂರಿನ ದಾರಿ ಮುದುಮಲೈ, ಬಂಡೀಪುರ ಕಾಡಿನೊಳಗೆ ಹೋಗುತ್ತದೆ. ಅಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ. ಆಂಬುಲೆನ್ಸ್ ಬಿಡುತ್ತಾರೆ, ಆದರೆ ಸ್ವಂತ ಕಾರಿನಲ್ಲಿ ಹೊರಟವರ ಗತಿ? ಮಸಿನಗುಡಿಯಿಂದ ಊಟಿಗೆ ಕಲ್ಲಟ್ಟಿ ಘಾಟಿಯಲ್ಲಿ 36 ತಿರುವು. ಮಳೆಗಾಲದಲ್ಲಿ ಕುನ್ನೂರು ದಾರಿಯಲ್ಲಿ ಮಣ್ಣು ಕುಸಿದರೆ ಕೊಯಮತ್ತೂರು ಎಷ್ಟು ದೂರ ಎಂಬುದು ನಮಗೆಲ್ಲ ಗೊತ್ತು. ಬೈಪಾಸ್ ಆದವರಿಗೆ ವರ್ಷಗಳ ನಂತರವೂ ಕರುಳು ಒಳಗೇ ಸಿಕ್ಕಿಹಾಕಿಕೊಂಡು ತೀವ್ರ ಹೊಟ್ಟೆನೋವು ಬರಬಹುದು. ಗೊತ್ತಿಲ್ಲದ ಡಾಕ್ಟರು ಗ್ಯಾಸ್ಟ್ರಿಕ್ ಎಂದು ಸೂಜಿ ಹಾಕಿ ಕಳಿಸಿಬಿಟ್ಟರೆ ಪ್ರಾಣಕ್ಕೇ ಅಪಾಯ. ಹಾಗಾಗಿ ಯಾವ ಆಪರೇಷನ್, ಯಾವಾಗ, ಯಾರು ಮಾಡಿದ್ದು ಎಂಬ ಚೀಟಿ ಸದಾ ಪರ್ಸಿನಲ್ಲಿರಬೇಕು. ಊಟಿಯ ಸರ್ಕಾರಿ ಮೆಡಿಕಲ್ ಕಾಲೇಜಿನ 700 ಹಾಸಿಗೆಯ ಆಸ್ಪತ್ರೆ 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಗಿದೆ. ಆಪರೇಷನ್ ಎಲ್ಲೇ ಆಗಲಿ, ಹತ್ತಿರದ ಒಬ್ಬ ಡಾಕ್ಟರಿಗೆ ನಿಮ್ಮ ವಿಷಯ ಮೊದಲೇ ಗೊತ್ತಿರಲಿ.

ಅಪಾಯದ ಮಾತನ್ನು ಹೆದರಿಸಲು ಹೇಳುತ್ತಿಲ್ಲ. ಅನುಭವವಿರುವ ಕಡೆ ಈ ಆಪರೇಷನ್‌ನಲ್ಲಿ ಸಾವು ಸಾವಿರಕ್ಕೆ ಒಂದರ ಆಸುಪಾಸು. ಆದರೆ 2024ರ ಏಪ್ರಿಲ್‌ನಲ್ಲಿ ಪುದುಚೇರಿಯ 26ರ ಯುವಕನೊಬ್ಬ ಚೆನ್ನೈಗೆ ಇದೇ ಆಪರೇಷನ್‌ಗೆ ಹೋಗಿ ಪ್ರಾಣ ಕಳೆದುಕೊಂಡ, ತಮಿಳುನಾಡು ಸರ್ಕಾರ ತನಿಖೆ ನಡೆಸಬೇಕಾಯಿತು. ಐಸಿಯು ಇದೆಯಾ, ರಾತ್ರಿ ಸರ್ಜನ್ ಇರುತ್ತಾರಾ, ವರ್ಷಕ್ಕೆ ಎಷ್ಟು ಆಪರೇಷನ್ ಮಾಡುತ್ತೀರಿ ಎಂದು ಕೇಳಲು ಸಂಕೋಚ ಬೇಡ. ರಿಯಾಯಿತಿ ಎಷ್ಟು ಎಂದು ಕೇಳುವ ಮೊದಲು ಇದನ್ನು ಕೇಳಿ.

ಹಾಗಾದರೆ ಯಾರಿಗೆ ಈ ಆಪರೇಷನ್? ಅಂತರರಾಷ್ಟ್ರೀಯ ತಜ್ಞ ಸಂಘಗಳು 2022ರಲ್ಲಿ ಹೊಸ ಮಾರ್ಗಸೂಚಿ ಕೊಟ್ಟಿವೆ. ಬಿಎಂಐ 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಸಲಹೆ ಮಾಡಬಹುದು, ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು. 160 ಸೆಂ.ಮೀ. ಎತ್ತರದವರಿಗೆ 35 ಎಂದರೆ ಸುಮಾರು 90 ಕೆ.ಜಿ. ವಿಮೆಯ ನಿಯಮ ಇನ್ನೂ ಬಿಗಿ. 2019ರ ಐಆರ್‌ಡಿಎಐ ನಿಯಮದ ಪ್ರಕಾರ 18 ವರ್ಷ ತುಂಬಿರಬೇಕು, ಬಿಎಂಐ 40 ಇರಬೇಕು, ಇಲ್ಲವೇ 35ರ ಜೊತೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ತೀವ್ರವಾದ ನಿದ್ರೆಯ ಉಸಿರುಕಟ್ಟು ಇಂಥದ್ದೊಂದು ಇದ್ದು, ಬೇರೆ ಚಿಕಿತ್ಸೆ ಫಲ ಕೊಟ್ಟಿರಬಾರದು. ಸಾಲ ಮಾಡುವ ಮೊದಲು ನಿಮ್ಮ ಪಾಲಿಸಿ ತೆಗೆದು ಓದಿ. ವಾರಕ್ಕೊಮ್ಮೆ ಹಾಕಿಕೊಳ್ಳುವ ಮೌಂಜಾರೋ, ವೆಗೋವಿ ಇಂಜೆಕ್ಷನ್‌ಗಳೂ 2025ರಿಂದ ಭಾರತದಲ್ಲಿ ಸಿಗುತ್ತಿವೆ. ನಿಲ್ಲಿಸಿದರೆ ಬಹಳ ಮಂದಿಗೆ ತೂಕ ಮರಳುತ್ತದೆ ನಿಜ, ಆದರೂ ಆಪರೇಷನ್‌ಗೆ ಮೊದಲು ಡಾಕ್ಟರ ಬಳಿ ಈ ಮಾತೂ ಎತ್ತಬೇಕು.

ಯುವತಿಯರಿಗೆ ಒಂದು ಮಾತು. "ಮದುವೆಗೆ ಮೊದಲು ಮಾಡಿಸಿಬಿಡೋಣ" ಎಂಬ ಒತ್ತಡ ಮನೆಯಿಂದ ಬರುತ್ತದೆ. ಆಪರೇಷನ್ ಆದ ಮೇಲೆ 12ರಿಂದ 18 ತಿಂಗಳು ಗರ್ಭಧಾರಣೆ ಬೇಡ ಎನ್ನುತ್ತಾರೆ ವೈದ್ಯರು. ಪಿಸಿಓಎಸ್ ಇದ್ದವರಿಗೆ ತೂಕ ಇಳಿದ ಕೂಡಲೇ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಈ ವಿಷಯ ಮದುವೆಯಾಗುವ ಹುಡುಗನಿಗೂ ತಿಳಿದಿರಬೇಕು. ನಿಮ್ಮ ಕಾಯಿಲೆಗಾಗಿ ಮಾಡಿಸಿಕೊಳ್ಳುವುದಾದರೆ ಧೈರ್ಯವಾಗಿ ಮಾಡಿಸಿಕೊಳ್ಳಿ. ನೋಡಲು ಬರುವವರಿಗಾಗಿ ಜಠರ ಕತ್ತರಿಸಿಕೊಳ್ಳಬೇಡಿ.

"ಬಾಯಿ ಕಟ್ಟಿದ್ದರೆ ಇದೆಲ್ಲ ಬೇಕಿತ್ತಾ?" ಎನ್ನುವವರೂ ನಮ್ಮಲ್ಲಿದ್ದಾರೆ. ಪೂಜೆ ಮುಗಿದು ಹೊರಗೆ ಬಂದರೆ ಮೊದಲ ಮಾತೇ "ಏನಮ್ಮಾ, ಇಷ್ಟು ದಪ್ಪ ಆಗ್ಬಿಟ್ಟೆ?" 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಮಿಳುನಾಡಿನ ಮಹಿಳೆಯರಲ್ಲಿ ಶೇ. 40, ಪುರುಷರಲ್ಲಿ ಶೇ. 37 ಮಂದಿಗೆ ತೂಕ ಹೆಚ್ಚಿತ್ತು. ಇಷ್ಟು ಜನರೂ ಹೊಟ್ಟೆಬಾಕರಾ? ಅನುವಂಶಿಕತೆ, ಹಾರ್ಮೋನು, ಔಷಧಿ, ನಿದ್ರೆ, ಕೂತು ಮಾಡುವ ಕೆಲಸ, ರೇಷನ್ ಅಕ್ಕಿಯ ಊಟ ಎಲ್ಲವೂ ಸೇರಿ ದೇಹ ಬೆಳೆಯುತ್ತದೆ. ಇದನ್ನು ಪಾಪದ ಪಟ್ಟಿಗೆ ಸೇರಿಸಿ ಅವಮಾನಿಸಿದರೆ ಯಾರ ತೂಕವೂ ಇಳಿಯುವುದಿಲ್ಲ. ಅವಮಾನದಿಂದ ತಪ್ಪಿಸಿಕೊಳ್ಳಲು ಮಕ್ಕಳು ಸಿಕ್ಕ ಜಾಹೀರಾತಿಗೆ ಫೋನ್ ಮಾಡುತ್ತಾರೆ, ಅಷ್ಟೇ.

ಆಪರೇಷನ್ ಆದ ದಿನಕ್ಕೆ ಕಥೆ ಮುಗಿಯುವುದೂ ಇಲ್ಲ. ಫುಟ್‌ಬಾಲ್ ಪ್ರಿಯರಿಗೆ ಗೊತ್ತಿರುವ ಹೆಸರು ಮರಡೋನಾ. 2005ರಲ್ಲಿ ಕೊಲಂಬಿಯಾದಲ್ಲಿ ಬೈಪಾಸ್ ಮಾಡಿಸಿಕೊಂಡು ಗುರುತು ಸಿಗದಷ್ಟು ಇಳಿದರು. ತೂಕ ಮತ್ತೆ ಏರಿತು, ಹತ್ತು ವರ್ಷದ ನಂತರ ಇನ್ನೊಮ್ಮೆ ಆಪರೇಷನ್ ಟೇಬಲ್ ಹತ್ತಬೇಕಾಯಿತು. ಅಂಥ ಹಣ, ಅಂಥ ಡಾಕ್ಟರುಗಳಿದ್ದವರಿಗೇ ಹೀಗಾದರೆ, ನಮಗೆ ಬೇಕಾದದ್ದು ಜೊತೆಗೆ ನಿಲ್ಲುವ ಜನ.

ಆದ್ದರಿಂದ ಯುವಮಿತ್ರರೇ, ನಮ್ಮಲ್ಲಿ ಯಾರಾದರೂ ಈ ನಿರ್ಧಾರದ ಮುಂದೆ ನಿಂತಿದ್ದರೆ ಅವರನ್ನು ಒಬ್ಬರೇ ಕಳಿಸಬೇಡಿ. ಡಾಕ್ಟರ ಬಳಿ ಜೊತೆಗೆ ಹೋಗಿ, ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ, ಬೇರೆ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯವನ್ನೂ ಕೇಳಿ. ಆಪರೇಷನ್ ಆಗಿ ಎರಡು ವರ್ಷ ಕಳೆದ ಮೇಲೂ "ಈ ವರ್ಷದ ರಕ್ತ ಪರೀಕ್ಷೆ ಮಾಡಿಸಿದ್ಯಾ?" ಎಂದು ಕೇಳಿ. ಚರ್ಚ್ ಅಂಗಳದಲ್ಲಿ ತೂಕದ ಬಗ್ಗೆ ಏನಾದರೂ ಕೇಳಲೇಬೇಕು ಎನಿಸಿದರೆ, ಕೇಳಬೇಕಾದ ಮಾತು ಇದೇ.