ಊರಿನ ಐಶ್ವರ್ಯ, ಊರವರ ಐಶ್ವರ್ಯ

ನಗರದ ಅಂಚಿನಲ್ಲಿ ಬೆಳೆಯುತ್ತಿರುವ ಒಂದು ಊರು ಸಮೃದ್ಧವಾಯಿತೆಂದು ನಾವು ಹೇಳುವಾಗ, ಅಲ್ಲಿಯ ಸರಾಸರಿ ಆದಾಯ ಏರಿದುದನ್ನೇ ಪ್ರಮಾಣವಾಗಿ ಹಿಡಿಯುತ್ತೇವೆ. ಆದರೆ ನಿನ್ನೆ ಅಲ್ಲಿ ಬಾಳುತ್ತಿದ್ದವರೇ ಇಂದು ಸ್ಥಿತಿವಂತರಾದರೋ, ಅಥವಾ ಅವರ ಸ್ಥಾನದಲ್ಲಿ ಬೇರೆ ಸ್ಥಿತಿವಂತರು ಬಂದು ನೆಲೆಸಿದರೋ ಎಂಬ ಪ್ರಶ್ನೆಗೆ ಸರಾಸರಿಯು ಉತ್ತರ ಕೊಡಲಾರದು. ಹತ್ತು ಮನೆಗಳ ಒಂದು ಬೀದಿಯನ್ನು ಊಹಿಸಿಕೊಳ್ಳೋಣ. ಪ್ರತಿ ಮನೆಯ ತಿಂಗಳ ಆದಾಯ ಇಪ್ಪತ್ತು ಸಾವಿರ ರೂಪಾಯಿ. ಬಾಡಿಗೆ ತೆರಲಾರದೆ ನಾಲ್ಕು ಸಂಸಾರಗಳು ಮನೆ ಬಿಟ್ಟು, ಆ ಜಾಗಕ್ಕೆ ಎರಡೆರಡು ಲಕ್ಷ ಗಳಿಸುವ ನಾಲ್ಕು ಸಂಸಾರಗಳು ಬಂದುವೆಂದರೆ, ಉಳಿದ ಆರು ಮನೆಗಳಿಗೆ ಒಂದು ಕಾಸೂ ಹೆಚ್ಚು ದೊರೆಯದಿದ್ದರೂ ಬೀದಿಯ ಸರಾಸರಿ ತೊಂಬತ್ತೆರಡು ಸಾವಿರಕ್ಕೆ ಜಿಗಿಯುತ್ತದೆ.

1882ರಲ್ಲಿ ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಬೇಸಾಯದ ವಸತಿಗೆಂದು ಸುಮಾರು 3,900 ಎಕರೆ ನೆಲವನ್ನು ದಯಪಾಲಿಸಿದುದರಿಂದ ಹುಟ್ಟಿದ, ಬೆಂಗಳೂರಿನ ಅಂಚಿನ ಇಂಥದೇ ಊರಾದ ವೈಟ್‌ಫೀಲ್ಡ್, ಒಂದು ಶತಮಾನಕ್ಕೂ ಮಿಕ್ಕ ಕಾಲ ರಾಗಿಯ ಹೊಲಗಳ ನಡುವಣ ಚಿಕ್ಕ ಗ್ರಾಮವಾಗಿಯೇ ಇದ್ದು, 1990ರ ದಶಕದ ಕೊನೆಯಲ್ಲಿ ಐಟಿಪಿಎಲ್ ಎಂಬ ಮಾಹಿತಿ ತಂತ್ರಜ್ಞಾನ ಪಾರ್ಕು ತಲೆಯೆತ್ತಿದ ಮೇಲೆ ಬೇರೊಂದು ಲೋಕವಾಯಿತು. 2001ರಿಂದ 2011ರೊಳಗೆ ಈ ಊರನ್ನೊಳಗೊಂಡ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಇಡೀ ರಾಜ್ಯ ಸುಮಾರು ಶೇಕಡ 16ರಷ್ಟು ಬೆಳೆದ ಅವಧಿಯಲ್ಲಿ ಈ ಒಂದು ಜಿಲ್ಲೆ ಶೇಕಡ 47ರಷ್ಟು ಬೆಳೆಯಿತು. ಇಂಥ ಬೆಳವಣಿಗೆ ಬಹುಮಟ್ಟಿಗೆ ವಲಸೆಯಿಂದಲ್ಲದೆ ಸಾಧ್ಯವಿಲ್ಲ.

ಈ ಪರಿವರ್ತನೆಯಲ್ಲಿ ಹಳಬರೆಲ್ಲರೂ ನಷ್ಟಪಟ್ಟರೆನ್ನುವುದು ಸತ್ಯಕ್ಕೆ ದೂರವಾದ ಮಾತು. ಪಹಣಿಯಲ್ಲಿ ಹೆಸರಿದ್ದ ರೈತನು ಜಮೀನು ಮಾರಿ ಮಾಳಿಗೆಯ ಮನೆ ಕಟ್ಟಿಸಿದನು. ಮುಂದಾಲೋಚನೆಯುಳ್ಳವನು ಸಾಲುಮನೆಗಳನ್ನೆಬ್ಬಿಸಿ ಬಾಡಿಗೆಯಿಂದ ಬದುಕು ಕಂಡುಕೊಂಡನು. ಆದರೆ ಅದೇ ಹೊಲದಲ್ಲಿ ಕಳೆ ಕಿತ್ತು, ನಾಟಿ ಮಾಡಿ, ಗೋಮಾಳದಲ್ಲಿ ದನ ಕಾಯುತ್ತಿದ್ದ ಕೂಲಿಯವನಿಗೆ ಮಾರುವುದಕ್ಕೆ ಏನಿತ್ತು? ನೆಲದ ಬೆಲೆ ಏರಿದುದು ಒಬ್ಬನಿಗೆ ವರವಾದಂತೆಯೇ, ನೆಲವಿಲ್ಲದ ಇನ್ನೊಬ್ಬನಿಗೆ ಊರು ಬಿಡುವ ಕಾರಣವಾಯಿತು.

ಸರಾಸರಿಯ ಮೋಸ ಇನ್ನೊಂದು ದಿಕ್ಕಿನಲ್ಲಿಯೂ ಉಂಟು. ರಾಯಚೂರು, ಯಾದಗಿರಿಗಳಿಂದಲೂ ಒಡಿಶಾ, ಬಂಗಾಳಗಳಿಂದಲೂ ಬಂದು, ತಾವೇ ಕಟ್ಟುವ ಗೋಪುರಗಳ ನೆರಳಿನಲ್ಲಿ ತಗಡಿನ ಶೆಡ್ಡುಗಳಲ್ಲಿ ವಾಸಿಸುವ ಗಾರೆಯವರು, ಮನೆಗೆಲಸದ ಹೆಂಗಸರು, ಕಾವಲಿನವರು ತಮ್ಮ ಹುಟ್ಟೂರಿನಲ್ಲಿ ಗಳಿಸುತ್ತಿದ್ದುದಕ್ಕಿಂತ ಇಲ್ಲಿ ಹೆಚ್ಚಾಗಿಯೇ ಗಳಿಸುತ್ತಾರೆ. ಆದರೆ ಅವರ ಆಗಮನದಿಂದ ಬಡಾವಣೆಯ ಸರಾಸರಿ ಇಳಿಯುತ್ತದೆ. ಹೊಸದಾಗಿ ಬಂದ ಎಂಜಿನಿಯರನನ್ನಾಗಲಿ, ಶೆಡ್ಡಿನ ಕೂಲಿಗಾರನನ್ನಾಗಲಿ ಊರು ಕೆಡಿಸಿದವರೆಂದು ದೂರುವುದು ಅನ್ಯಾಯವೆಂದು ನಾನು ಭಾವಿಸುತ್ತೇನೆ. ಇಬ್ಬರೂ ದುಡಿಮೆಯನ್ನು ಅರಸಿ ಬಂದವರೇ.

ದೂರಬೇಕಾದುದು ನೆಲವನ್ನು ಮೊದಲು ಮಾರಿ ಸೌಕರ್ಯವನ್ನು ಆಮೇಲೆ ಯೋಚಿಸುವ ಕ್ರಮವನ್ನು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಕೈಗೊಂಡ ಕಾವೇರಿ ನೀರು ಸರಬರಾಜು ಯೋಜನೆಯ ಐದನೆಯ ಹಂತ ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ನಡುವಣ ಹದಿನೇಳು ವರ್ಷ ಅಲ್ಲಿಯ ಜನರು ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿದರು. ಟ್ಯಾಂಕರಿನ ನೀರಿಗೆ ಕೊಡುವ ಹಣ ಎರಡು ಲಕ್ಷ ಗಳಿಸುವವನಿಗೆ ಕಿರಿಕಿರಿ ಮಾತ್ರ. ಇಪ್ಪತ್ತು ಸಾವಿರದವನಿಗೆ ಅದು ಮಗುವಿನ ಶಾಲೆಯ ಶುಲ್ಕ. ಒಂದೇ ಕೊರತೆಯು ಆದಾಯಕ್ಕನುಗುಣವಾಗಿ ಬೇರೆ ಬೇರೆ ಭಾರವಾಗುವುದನ್ನು ತಲಾ ಆದಾಯದ ಪಟ್ಟಿ ತೋರಿಸುವುದಿಲ್ಲ. 2023ರ ಮಾರ್ಚಿನಲ್ಲಿ ಮೆಟ್ರೋ ವೈಟ್‌ಫೀಲ್ಡನ್ನು ಮುಟ್ಟಿದುದು ನಿಜವಾದ ಉಪಕಾರವೇ. ಆದರೆ ನಿಲ್ದಾಣದ ಸುತ್ತಣ ನೆಲದಲ್ಲಿ ಅಲ್ಪ ಬಾಡಿಗೆಯ ಮನೆಗಳಿಗೆ ಭಾಗವೊಂದನ್ನು ಕಾದಿರಿಸದಿದ್ದರೆ, ರೈಲು ಅತಿ ಹೆಚ್ಚು ಬೇಕಾದವರೇ ಅದರಿಂದ ಅತಿ ದೂರಕ್ಕೆ ಸರಿಯಬೇಕಾಗುತ್ತದೆ.

ಇದನ್ನೆಲ್ಲ ಅಳೆಯುವ ಬಗೆ ಹೇಗೆ? ನಮ್ಮ ಜನಗಣತಿಯು ಆದಾಯವನ್ನು ಕೇಳುವುದೇ ಇಲ್ಲ; ಕೇಳಿದರೂ ಎಣಿಕೆಯ ದಿನ ಇದ್ದವರನ್ನಲ್ಲದೆ ಹೋದವರನ್ನು ಕೇಳಲಾರದು. ಬೇಕಾಗಿರುವುದು ಒಂದೇ ಸಂಸಾರವನ್ನು, ಅದು ಎಲ್ಲಿಗೆ ಹೋದರೂ, ಹತ್ತು ಹದಿನೈದು ವರ್ಷ ಅನುಸರಿಸುವ ಲೆಕ್ಕ. ಅದು ದುಸ್ಸಾಧ್ಯವೆಂದು ಕೈಬಿಡಬೇಕಾಗಿಲ್ಲ. ಊರು ಬಿಟ್ಟ ಬಡವನ ಜಾಡು ಸರ್ಕಾರಿ ಶಾಲೆ ಕೊಟ್ಟ ವರ್ಗಾವಣೆ ಪತ್ರಗಳಲ್ಲಿ, ಪಡಿತರ ಚೀಟಿಯ ವಿಳಾಸ ಬದಲಾವಣೆಯ ಅರ್ಜಿಗಳಲ್ಲಿ ಅಷ್ಟಿಷ್ಟು ಉಳಿದಿರುತ್ತದೆ. ಪಾಲಿಕೆಯವರು ವಾರ್ಡುವಾರು ಅವುಗಳನ್ನು ಕೂಡಿಸಿ ನೋಡುವುದರಿಂದಲೇ ಮೊದಲು ಮಾಡಬಹುದು.